ಅಂಚಿನಿಂದ ಹೊಲಿದರೆ ಅಂಟು ಬೇಡ

ಮಳೆ ಹಿಡಿಯಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಜಾತಿಯೇ ಬದಲಾಗುತ್ತದೆ. ಮದುವೆ ಸೀಜನ್ನಿನಲ್ಲಿ ರವಿಕೆಯ ತೋಳು, ಸೀರೆಯ ಕುಚ್ಚು, ಪೇಸ್ಟಿಂಗ್ ಯಾವುದು ಹಾಕಬೇಕು ಎನ್ನುವವರು ಆಷಾಢದಲ್ಲಿ ಕೌದಿಗೆ ಬರುತ್ತಾರೆ. ಈ ವಾರ ಸಿದ್ದಾಪುರದ ಓದುಗರೊಬ್ಬರು ಬರೆದಿದ್ದಾರೆ: ಮೆಷಿನ್ನಿನಲ್ಲಿ ಕೌದಿ ಹೊಲಿಯುವಾಗ ಪದರಗಳು ಜಾರಿ ಕೊನೆಗೆ ಒಂದು ಬದಿ ಮುದುಡುತ್ತದೆ, ಸ್ಪ್ರೇ ಗಮ್ ಹೊಡೆದರೆ ಸರಿಯಾಗುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದರು, ಅಂಗಡಿಯಲ್ಲಿ ಎರಡು ಮೂರು ಡಬ್ಬಿ ತೋರಿಸಿದರು, ಯಾವುದು ತರಲಿ?

ಕೇಳಿದ್ದಕ್ಕೆ ಮೊದಲು ಉತ್ತರ. ಸ್ಪ್ರೇ ಡಬ್ಬಿಗಳಲ್ಲಿ ಎರಡು ಕುಲ. ಒಂದು ಶಾಶ್ವತವಾಗಿ ಹಿಡಿಯುವುದು. ಕುಶನ್ ಕೆಲಸದವರು ಫೋಮಿಗೆ ರೆಕ್ಸಿನ್ ಕೂಡಿಸಲು ಬಳಸುವಂಥದು. ಅದು ಬಟ್ಟೆಗೆ ಬೇಡವೇ ಬೇಡ. ಅದರ ಅಂಟು ಸೂಜಿಗೆ ಮೆತ್ತಿಕೊಳ್ಳುತ್ತದೆ, ದಾರ ಎಳೆ ಬಿಟ್ಟು ತುಂಡಾಗುತ್ತದೆ, ಹೊಲಿಗೆ ನಡುನಡುವೆ ತಪ್ಪುತ್ತದೆ; ತೊಳೆದರೂ ಹೋಗುವುದಿಲ್ಲ. ಇನ್ನೊಂದು ತಾತ್ಕಾಲಿಕ. ಹಚ್ಚಿ, ಕಿತ್ತು, ಮತ್ತೆ ಕೂರಿಸಬಹುದು, ಒಗೆದರೆ ಬಿಡುತ್ತದೆ. ಫ್ರಾನ್ಸಿನ ಓಡಿಫ್ ಕಂಪನಿಯ 505 ಈ ಜಾತಿಯದು, ಕ್ವಿಲ್ಟ್ ಮಾಡುವವರ ನಡುವೆ ಬಹಳ ಕಾಲದಿಂದ ಹೆಸರಾದದ್ದು. ಡಬ್ಬಿಯ ಮೇಲೆ ‘ಬಟ್ಟೆಗೆ’, ‘ತಾತ್ಕಾಲಿಕ’ ಎಂಬ ಎರಡೂ ಮಾತು ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ತಂದ ಮೇಲೂ ನೇರ ಕೌದಿಗೆ ಹೊಡೆಯಬೇಡಿ. ಅದೇ ಬಟ್ಟೆಯ ಚೂರಿಗೆ ಹೊಡೆದು, ಗೇಣುದ್ದ ಹೊಲಿದು, ಸೂಜಿಯನ್ನು ಬೆರಳಲ್ಲಿ ಸವರಿ ನೋಡಿ. ಚೂರನ್ನು ತೊಳೆದು ಒಣಗಿಸಿ, ಆಮೇಲಷ್ಟೇ ಇಸ್ತ್ರಿ ಇಡಿ. ತೊಳೆಯುವ ಮೊದಲೇ ಬಿಸಿ ತಾಗಿಸಿದರೆ ಕೆಲವು ಅಂಟು ಕಲೆಯಾಗಿ ಕೂರುತ್ತವೆ.

ಹೊಡೆಯುವಾಗ ಡಬ್ಬಿಗೂ ಬಟ್ಟೆಗೂ ಸುಮಾರು 25-30 ಸೆಂ.ಮೀ. ಅಂತರ ಇರಲಿ. ಮೇಲಿನ ಬಟ್ಟೆಗಿಂತ ಒಳಗಿನ ಹತ್ತಿ ಹಾಳೆಗೆ ಹೊಡೆಯುವುದು ಒಳ್ಳೆಯದು. ಕಲೆಯಾದರೂ ಒಳಗೇ ಇರುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳಬೇಕು. ಇಂಥ ಹೆಚ್ಚಿನ ಡಬ್ಬಿಗಳಲ್ಲಿ ಅಂಟನ್ನು ಹೊರಕ್ಕೆ ತಳ್ಳುವುದು ಬ್ಯುಟೇನ್, ಪ್ರೊಪೇನ್‌ನಂಥ ಅನಿಲ, ಅಂದರೆ ಅಡುಗೆ ಸಿಲಿಂಡರಿನಲ್ಲಿರುವ ಅದೇ ವಸ್ತು. ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಮನೆಗಳ ಕಿಟಕಿ ಮುಚ್ಚಿರುತ್ತವೆ, ಬಚ್ಚಲ ಒಲೆಯಲ್ಲಿ ಬೆಂಕಿ ಆರುವುದೇ ಇಲ್ಲ. ಅಂಥ ಮನೆಯೊಳಗೆ ನೆಲದ ಮೇಲೆ ಕೌದಿ ಹಾಸಿ ಡಬ್ಬಿ ಒತ್ತುವುದು ಅಪಾಯ. ಚಪ್ಪರದ ಅಂಗಳಕ್ಕೋ ಗಾಳಿಯಾಡುವ ಜಗಲಿಗೋ ಹೋಗಿ, ಮಕ್ಕಳನ್ನು ದೂರವಿಟ್ಟು ಹೊಡೆಯಿರಿ.

ಇಲ್ಲಿಗೆ ಡಬ್ಬಿಯ ಮಾತು ಮುಗಿಸಬಹುದಿತ್ತು. ಆದರೆ ಅವರ ಕೌದಿ ಯಾಕೆ ಮುದುಡುತ್ತದೆ ಎಂಬುದಕ್ಕೆ ಡಬ್ಬಿಯಲ್ಲಿ ಉತ್ತರವಿಲ್ಲ. ಈಗಿನ ಕ್ವಿಲ್ಟಿಂಗ್ ಕ್ಲಾಸುಗಳ ಪಾಠ ಒಂದೇ: ಮೇಲ್ಪದರವನ್ನು ಮೊದಲು ಪೂರ್ತಿ ಜೋಡಿಸಿ ಮುಗಿಸು, ಅದರಡಿ ಹತ್ತಿ ಹಾಳೆ, ಅದರಡಿ ಅಸ್ತರು, ಮೂರನ್ನೂ ಹಿಡಿದುಕೊಂಡು ನಡುವಿನಿಂದ ಅಂಚಿಗೆ ಹೊಲಿಯುತ್ತ ಹೋಗು, ಕೊನೆಗೆ ಸುತ್ತ ಕತ್ತರಿಸಿ ಪಟ್ಟಿ ಕೊಡು. ಈ ಕ್ರಮದಲ್ಲಿ ಮೂರು ದೊಡ್ಡ ಹಾಳೆಗಳು ಒಂದರ ಮೇಲೊಂದು ಸಡಿಲವಾಗಿ ಬಿದ್ದಿರುತ್ತವೆ. ಮೆಷಿನ್ನಿನ ಹಲ್ಲು ಕೆಳಗಿನದನ್ನು ಎಳೆಯುತ್ತದೆ, ಪಾದ ಮೇಲಿನದನ್ನು ತಡೆಯುತ್ತದೆ. ಜಾರದೆ ಏನು ಮಾಡೀತು? ಅದಕ್ಕೇ ಪಿನ್ನು, ಅದಕ್ಕೇ ಕಚ್ಚಾ ಹೊಲಿಗೆ, ಈಗ ಅದಕ್ಕೇ ಸ್ಪ್ರೇ. ತೊಡಕನ್ನು ಕ್ರಮವೇ ಹುಟ್ಟಿಸಿದೆ, ಪರಿಹಾರವನ್ನು ಅಂಗಡಿ ಮಾರುತ್ತಿದೆ. ಕೌದಿಗೆ ಇದೊಂದೇ ದಾರಿ ಎನ್ನುವಂತೆ ಕಲಿಸುವುದರ ಬಗ್ಗೆ ನನ್ನ ತಕರಾರು ಹಳೆಯದು. ಈ ಅಂಕಣ ಓದುತ್ತ ಬಂದವರಿಗೆ ಗೊತ್ತು.

ಇನ್ನೊಂದು ದಾರಿ ಯಲ್ಲಾಪುರ, ಮುಂಡಗೋಡ, ಹಳಿಯಾಳದ ಸಿದ್ದಿ ಹೆಂಗಸರ ಕೈಯಲ್ಲಿದೆ. ಅವರು ಕವಂದಿ ಎನ್ನುವ ಕೌದಿಗೆ ಅಂಟೂ ಇಲ್ಲ, ಪಿನ್ನೂ ಇಲ್ಲ, ಕಚ್ಚಾ ಹೊಲಿಗೆಯೂ ಇಲ್ಲ. ಆದರೂ ವರ್ಷಗಟ್ಟಲೆ ಹೊದ್ದು, ಹಾಸಿ, ಕಲ್ಲಿನ ಮೇಲೆ ಒಗೆದರೂ ಪದರ ಬಿಡುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಅವರು ಶುರು ಮಾಡುವ ಜಾಗ ನೋಡಬೇಕು.

ತಳಕ್ಕೆ ಹಳೆಯ ಹತ್ತಿ ಸೀರೆ. ಅದರ ಅಂಚನ್ನು ಒಳಕ್ಕೆ ಮಡಚಿ, ಒಂದು ಮೂಲೆಯಿಂದ ಸೂಜಿ ಹಾಕುತ್ತಾರೆ. ಹಳೆ ಅಂಗಿ, ಲಂಗ, ಸೀರೆಯ ತುಂಡುಗಳು ಪಕ್ಕದಲ್ಲಿ ರಾಶಿ ಬಿದ್ದಿರುತ್ತವೆ. ಒಂದು ತುಂಡು ಎತ್ತಿ, ಅದರ ಬದಿಯನ್ನು ಬೆರಳಿನಿಂದಲೇ ಒಳಕ್ಕೆ ಮಡಚಿ, ತಳದ ಸೀರೆಗೆ ಸಾದಾ ಓಟದ ಹೊಲಿಗೆಯಲ್ಲಿ ಸೇರಿಸುತ್ತಾರೆ. ಅಂಚು ಹಿಡಿದು ಸಾಲು ಮುಂದೆ ಹೋಗುತ್ತದೆ, ತುಂಡು ಮುಗಿಯುವಷ್ಟರಲ್ಲಿ ಇನ್ನೊಂದು ತುಂಡು ಅದರ ಬದಿಯ ಮೇಲೆ ಬಂದು ಕೂರುತ್ತದೆ. ನಾಲ್ಕು ಅಂಚು ಸುತ್ತಿದ ಮೇಲೆ ಒಳಗಿನ ಸಾಲು, ಅದರೊಳಗೆ ಇನ್ನೊಂದು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಕೌದಿ ಮುಚ್ಚುತ್ತದೆ.

ಇದರಲ್ಲಿ ‘ಮೇಲ್ಪದರ’ ಎಂಬ ಪ್ರತ್ಯೇಕ ಹಾಳೆ ಯಾವ ಹೊತ್ತಿನಲ್ಲೂ ಇಲ್ಲ ಎಂಬುದನ್ನು ಗಮನಿಸಿ. ತುಂಡು ಕೌದಿಯ ಮೇಲೆ ಬಂದ ಗಳಿಗೆಯಲ್ಲೇ ತಳಕ್ಕೆ ಹೊಲಿದು ಆಗಿರುತ್ತದೆ. ಜಾರುವುದಕ್ಕೆ ಸಡಿಲವಾದದ್ದು ಏನೂ ಉಳಿದಿರುವುದಿಲ್ಲ. ತಳದ ಸೀರೆ ಎಲ್ಲಾದರೂ ಸ್ವಲ್ಪ ಉಬ್ಬಿದರೆ ಮುಂದಿನ ತುಂಡನ್ನು ಅದಕ್ಕೆ ತಕ್ಕಂತೆ ಒಂದೆಳೆ ಹೆಚ್ಚೋ ಕಡಿಮೆಯೋ ಮಡಚಿದರಾಯಿತು. ಅಂಚು ಮೊದಲೇ ಮುಗಿದಿರುವುದರಿಂದ ಕೊನೆಯಲ್ಲಿ ಪಟ್ಟಿ ಕೊಡುವ ಕೆಲಸವೂ ಇಲ್ಲ. ಹೊಲಿಗೆಯ ಸಾಲೇ ಜೋಡಿಸುತ್ತದೆ, ಅದೇ ಪದರಗಳನ್ನು ಹಿಡಿಯುತ್ತದೆ, ಅದೇ ಅಲಂಕಾರವೂ ಆಗುತ್ತದೆ. ಹೊಲಿಗೆಯ ಲೋಕದಲ್ಲಿ ಇಷ್ಟು ಅಚ್ಚುಕಟ್ಟಾದ ಯೋಚನೆ ನಾನು ಬೇರೆ ಕಂಡಿಲ್ಲ.

ಬಣ್ಣದ ಮಾತೂ ಇದಕ್ಕೇ ಸೇರಿದ್ದು. ಮೊದಲೇ ನಕ್ಷೆ ಬರೆದು ಕತ್ತರಿಸಿದ ಚೌಕಗಳಲ್ಲಿ ಬಣ್ಣ ಬದಲಿಸುವ ಅವಕಾಶ ಇರುವುದಿಲ್ಲ. ಇಲ್ಲಿ ಪ್ರತಿ ತುಂಡಿಗೂ ಅಲ್ಲಿಗಲ್ಲೇ ತೀರ್ಮಾನ. ಹಸಿರು ಪಟ್ಟಿ ಹೆಚ್ಚಾಯಿತೆಂದರೆ ಅದರ ಮೇಲೆ ಒಂದು ಕೆಂಪು ಚೂರು ಬೀಳುತ್ತದೆ. ಇಂಥ ಸಣ್ಣ ಚೂರುಗಳಿಗೆ ಅವರಲ್ಲಿ ಟಿಕೇಲಿ ಎಂಬ ಹೆಸರಿದೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಪದರಗಳನ್ನು ಸೇರಿಸಿ ‘ಫೂಲ’, ಅಂದರೆ ಹೂ, ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಹೂವನ್ನು ಕೈಗೆತ್ತಿಕೊಂಡು ನೋಡಿ: ಚಿಕ್ಕ ಚೌಕವನ್ನು ಎರಡು ಸಲ ಮಡಚಿ ಮಾಡಿದ ತ್ರಿಕೋನಗಳು, ಬಣ್ಣ ಬೇರೆ ಬೇರೆ, ತುದಿ ಮಾತ್ರ ಬಿಡಿಬಿಡಿಯಾಗಿ ಹೊರಗೆ. ಬಳಕೆಗೆ ಅದರಿಂದ ಏನೂ ಆಗಬೇಕಿಲ್ಲ. ಹಳೆ ಬಟ್ಟೆಯ ಹೊದಿಕೆಯಲ್ಲೂ ಅಂದಕ್ಕೆಂದೇ ಅಷ್ಟು ಹೊತ್ತು ಕೊಡುವ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕೌದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಇವು ಪ್ರದರ್ಶನಗೊಂಡವು. ಈಗ ಆ ದೇಶದ ಕ್ವಿಲ್ಟ್ ಶಿಬಿರಗಳಲ್ಲಿ ‘ಕವಂದಿ’ ಎಂಬ ಹೆಸರಿಟ್ಟೇ ಅಂಚಿನಿಂದ ನಡುವಿಗೆ ಹೊಲಿಯುವುದನ್ನು ಕಲಿಸುತ್ತಾರೆ. ಯಲ್ಲಾಪುರದಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿರುವ ನಾವು ಅದೇ ಹೊತ್ತಿಗೆ ನಡುವಿನಿಂದ ಅಂಚಿಗೆ ಹೊಲಿಯಲು ಡಬ್ಬಿ ಹುಡುಕುತ್ತಿದ್ದೇವೆ. ನನಗೆ ಇದು ಬೇಸರದ ಸಂಗತಿ.

ಮೆಷಿನ್ನಿನಲ್ಲಿ ಇದು ಸಾಧ್ಯವೇ ಎಂದರೆ, ದೊಡ್ಡ ಕೌದಿಗೆ ಕಷ್ಟ. ಪ್ರತಿ ಸಾಲಿಗೂ ಇಡೀ ಬಟ್ಟೆ ತಿರುಗಿಸಬೇಕು, ಕೈಯ ಹದ ಮೆಷಿನ್ನಿಗೆ ಬರುವುದಿಲ್ಲ. ಮಗುವಿನ ಹಾಸು, ದಿಂಬಿನ ಚೀಲದಷ್ಟು ಚಿಕ್ಕದನ್ನು ಮಾಡಬಹುದು. ಸ್ಪ್ರೇ ಪೂರ್ತಿ ದಂಡವೆಂದು ನಾನು ಹೇಳುವುದಿಲ್ಲ. ಮೆಷಿನ್ನಿನಲ್ಲಿ ಬಟ್ಟೆಯ ಮೇಲೆ ಬಟ್ಟೆಯ ಚಿತ್ರ ಕೂರಿಸುವಾಗ, ಚೀಲದ ಅಸ್ತರಿಗೆ ಫೈಬರ್ ಹಾಳೆ ಸೇರಿಸುವಾಗ ಅದು ಒಳ್ಳೆಯ ಸಹಾಯ. ಅಷ್ಟಕ್ಕೂ ಡಬ್ಬಿ ಬೇಡವೆನ್ನುವವರು ಅನ್ನದ ಗಂಜಿತಿಳಿಯನ್ನು ಅಲ್ಲಲ್ಲಿ ತೆಳ್ಳಗೆ ಸವರಿ ಇಸ್ತ್ರಿ ಹಾಕಬಹುದು. ಗಂಜಿಯನ್ನು ಮಾತ್ರ ಹೊಲಿದ ಕೂಡಲೇ ತೊಳೆಯಿರಿ. ಥಂಡಿಯಲ್ಲಿ ಬೂಸು ಹಿಡಿಯುತ್ತದೆ, ಹುಳ ಬರುತ್ತದೆ. ಆದರೆ ಹಳೆ ಸೀರೆಯ ಮೆತ್ತನೆ ಕೌದಿಗೆ ಇವೆರಡೂ ಬೇಡ. ಒಂದು ಉದ್ದ ಸೂಜಿ, ಗಟ್ಟಿ ಹತ್ತಿ ದಾರ, ಒಂದು ಮೂಲೆ ಸಾಕು.

ಓದುಗರಲ್ಲಿ ಒಂದು ವಿನಂತಿ. ಮೇಳದಲ್ಲೋ ಅಂಗಡಿಯಲ್ಲೋ ‘ಸಿದ್ದಿ ಕೌದಿ’ ಎಂದು ಮಾರುತ್ತಿದ್ದರೆ ಮೊದಲು ಅಂಚು ನೋಡಿ. ಸುತ್ತ ಬೇರೆ ಪಟ್ಟಿ ಕೊಟ್ಟು ಮೆಷಿನ್ ಹೊಲಿಗೆ ಓಡಿಸಿದ್ದರೆ ಅದು ಈ ಕ್ರಮದ್ದಲ್ಲ. ಆಮೇಲೆ ಮೂಲೆಯ ಹೂ ನೋಡಿ, ಹಿಂಬದಿ ತಿರುಗಿಸಿ ಸಾಲುಗಳು ಅಂಚಿಗೆ ಸಮನಾಗಿ ಸುತ್ತಿ ನಡುವಿಗೆ ಬಂದಿವೆಯೇ ನೋಡಿ. ಬಂದಿದ್ದರೆ ಹೊಲಿದವರ ಕೈಗೇ ಹಣ ಸೇರುವಂತೆ ಕೊಳ್ಳಿ, ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ.