ಕಾಯುವವನ ಕಲೆ: ಬ್ಯಾಸ್ಕೆಟ್‌ಬಾಲ್ ರಸಿಕರಿಗೊಂದು ಕೈಪಿಡಿ

ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಈಚೆಗೆ ಜನ ಸೇರುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಸೇರಿದ ಜನ ನೋಡುತ್ತಿರುವುದೇನೆಂಬುದನ್ನು ಗಮನಿಸಿದವನಿಗೆ ಆ ಸಂತೋಷ ಬಹಳ ಹೊತ್ತು ನಿಲ್ಲುವುದಿಲ್ಲ. ಚೆಂಡು ಬಲೆಯೊಳಗೆ ಇಳಿದಾಗ ಗ್ಯಾಲರಿಯೆಲ್ಲ ಎದ್ದು ನಿಲ್ಲುತ್ತದೆ. ಬುಟ್ಟಿಯ ಬಳೆಯನ್ನು ಹಿಡಿದು ಜೋತಾಡಿದವನಿಗೆ ಶಿಳ್ಳೆಯ ಮೇಲೆ ಶಿಳ್ಳೆ ಬೀಳುತ್ತದೆ. ಆದರೆ ಐವರು ಒಂದೇ ಮನಸ್ಸಿನಿಂದ ಇಪ್ಪತ್ತನಾಲ್ಕು ಸೆಕೆಂಡುಗಳ ಕಾಲ ಎದುರಾಳಿಗೆ ಎಲ್ಲಿಯೂ ಒಂದು ಹೆಜ್ಜೆ ತೆರವು ಕೊಡದೆ, ಕೊನೆಗೆ ಅವನು ಗತ್ಯಂತರವಿಲ್ಲದೆ ಚೆಂಡನ್ನು ಗಾಳಿಗೆಸೆಯುವಂತೆ ಮಾಡಿದಾಗ, ಅದೇ ಗ್ಯಾಲರಿ ಕಡಲೆಕಾಯಿ ಬಿಡಿಸುತ್ತ, ಫೋನು ನೋಡುತ್ತ, ಈ ಹೊತ್ತಿನ ಆಟ ಸಪ್ಪೆಯೆಂದು ಪಕ್ಕದವರಿಗೆ ಹೇಳುತ್ತಿರುತ್ತದೆ. ಅರ್ಧ ನಿಮಿಷದ ತುಣುಕುಗಳಲ್ಲಿ ಆಟವನ್ನು ಕಂಡು ಬೆಳೆದ ಅಭಿರುಚಿಗೆ ಇದಕ್ಕಿಂತ ಹೆಚ್ಚಿನದು ಸಾಧ್ಯವಿಲ್ಲವೇನೋ. ಅಂಥವರನ್ನು ತಿದ್ದುವ ಶಕ್ತಿ ನನಗಿಲ್ಲ. ಈ ಆಟಕ್ಕೆ ಹೊಸದಾಗಿ ಬಂದು, ಇನ್ನೂ ಕಣ್ಣು ಕೆಡಿಸಿಕೊಳ್ಳದೆ ಇರುವ ಸಹೃದಯರಿಗಾಗಿ ಈ ನಾಲ್ಕು ಮಾತು. ಆಟದ ನಿಯಮಗಳನ್ನು ನಾನಿಲ್ಲಿ ವಿವರಿಸುವುದಿಲ್ಲ. ಅಂಕಣದ ಪಕ್ಕದಲ್ಲಿ ಒಂದು ಸಂಜೆ ಕುಳಿತವರಿಗೆ ಅವು ತಾವಾಗಿಯೇ ತಿಳಿಯುತ್ತವೆ.

ಅಂಕ ಗಳಿಸುವುದು ಹೆಚ್ಚೋ, ಗಳಿಸಗೊಡದಿರುವುದು ಹೆಚ್ಚೋ ಎಂಬ ವಾದ ಈ ಆಟದಷ್ಟೇ ಹಳೆಯದು. ನನ್ನ ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇನೆ: ಗಳಿಸಗೊಡದಿರುವುದೇ ಹೆಚ್ಚು. ಗಣಿತದ ದೃಷ್ಟಿಯಿಂದ ನೋಡಿದರೆ, ತಾನು ಹಾಕಿದ ಎರಡು ಅಂಕಕ್ಕೂ ಎದುರಾಳಿಗೆ ತಪ್ಪಿಸಿದ ಎರಡು ಅಂಕಕ್ಕೂ ಬೆಲೆ ಸಮಾನ. ಆದರೆ ಮೊದಲನೆಯದು ಫಲಕದ ಮೇಲೆ ದೀಪವಾಗಿ ಬೆಳಗುತ್ತದೆ, ಎರಡನೆಯದನ್ನು ಬರೆದಿಡುವ ಜಾಗವೇ ಇಲ್ಲ. ಅಮೆರಿಕದ ಎನ್‌ಬಿಎ, ಎಂದರೆ ಈ ಆಟದ ಅತ್ಯುನ್ನತ ಲೀಗು, ಎದುರಾಳಿಯ ಎಸೆತವನ್ನು ತಡೆದ ಬ್ಲಾಕುಗಳನ್ನೂ ಚೆಂಡನ್ನು ಕಸಿದ ಸ್ಟೀಲುಗಳನ್ನೂ ಎಣಿಸತೊಡಗಿದ್ದೇ 1973-74ರ ಋತುವಿನಿಂದ. ಅದಕ್ಕೆ ಮೊದಲಿನ ಕಾಲು ಶತಮಾನದ ರಕ್ಷಣೆಯ ಪರಾಕ್ರಮಕ್ಕೆ ಕಡತದಲ್ಲಿ ಸಾಕ್ಷಿಯಿಲ್ಲ. ಲೆಕ್ಕಕ್ಕೆ ಸಿಕ್ಕುವುದನ್ನು ಮಾತ್ರ ಹಿರಿದೆಂದು ಭಾವಿಸುವ ಲೋಕ ರಕ್ಷಣೆಯನ್ನು ಕಿರಿದೆಂದು ಭಾವಿಸಿದರೆ ಆಶ್ಚರ್ಯವೇನು?

ಈ ವಾದಕ್ಕೆ ಯಾವುದಾದರೊಂದು ವರ್ಷವನ್ನು ನಿದರ್ಶನವಾಗಿ ಎತ್ತಿಕೊಳ್ಳುವುದಾದರೆ 1962ನೆಯ ಇಸವಿಗಿಂತ ಉತ್ತಮವಾದುದು ದೊರೆಯದು. ಆ ವರ್ಷದ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಪುಟ್ಟ ಊರಿನಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ತಂಡದ ವಿಲ್ಟ್ ಚೇಂಬರ್ಲೇನ್ ಎಂಬ ಏಳಡಿ ಒಂದಂಗುಲದ ಮಹಾಕಾಯನು ನ್ಯೂಯಾರ್ಕ್ ನಿಕ್ಸ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದನು. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 50.4. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಲೇಕರ್ಸ್ ತಂಡದ ಎಲ್ಜಿನ್ ಬೇಲರ್ ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ 61 ಅಂಕ ಗಳಿಸಿದನು. ಅಂತಿಮ ಸರಣಿಯಲ್ಲಿ ಅದನ್ನು ಇಂದಿಗೂ ಯಾರೂ ಮೀರಿಲ್ಲ. ಅಂಕವೇ ಸರ್ವಸ್ವವಾಗಿದ್ದರೆ ಪ್ರಶಸ್ತಿ ಈ ಇಬ್ಬರಲ್ಲಿ ಒಬ್ಬರ ಮನೆಗೆ ಹೋಗಬೇಕಾಗಿತ್ತು. ಹೋದದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ. ಅವರು ಚೇಂಬರ್ಲೇನನ ತಂಡವನ್ನು ಏಳನೆಯ ಪಂದ್ಯದಲ್ಲಿ 109-107ರಿಂದ ದಾಟಿ, ಬೇಲರನ ತಂಡವನ್ನೂ ಏಳನೆಯ ಪಂದ್ಯದಲ್ಲಿಯೇ, ಹೆಚ್ಚುವರಿ ಅವಧಿಯಲ್ಲಿ, 110-107ರಿಂದ ದಾಟಿದರು. ಆ ಗೆಲುವಿನ ಅಂತರಗಳನ್ನು ನೋಡಿ: ಎರಡು ಅಂಕ, ಮೂರು ಅಂಕ. ನಡುವೆ ನಿಂತು ಆ ಎರಡು ಮೂರು ಅಂಕಗಳನ್ನು ತಪ್ಪಿಸಿದವನು ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್.

ಅದೇ ವರ್ಷದ ಇನ್ನೊಂದು ಸಂಗತಿಯನ್ನು ಹೊಸಬರು ಮರೆಯದೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವರ್ಷದ ಶ್ರೇಷ್ಠ ಐವರ ಪಟ್ಟಿ ಮಾಡಿದವರು ಪತ್ರಿಕಾಕರ್ತರು. ಅವರು ಮಧ್ಯದ ಸ್ಥಾನಕ್ಕೆ ಚೇಂಬರ್ಲೇನನನ್ನು ಆರಿಸಿ ರಸೆಲನನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಿದರು. ಅತ್ಯಂತ ಬೆಲೆಯುಳ್ಳ ಆಟಗಾರನನ್ನು ಆರಿಸುವ ಅಧಿಕಾರ ಆ ಕಾಲದಲ್ಲಿ ಆಟಗಾರರಿಗೇ ಇತ್ತು. ಅವರು ರಸೆಲನನ್ನು ಆರಿಸಿದರು. ಹೊರಗೆ ಕುಳಿತು ನೋಡಿದವರಿಗೆ ಐವತ್ತು ಅಂಕ ದೊಡ್ಡದಾಗಿ ಕಂಡಿತು. ಒಳಗೆ ನಿಂತು ಎಸೆತಕ್ಕೆ ಕೈಯೆತ್ತಿದವರಿಗೆ ಯಾವನ ನೆರಳು ಬಿದ್ದರೆ ಕೈ ನಡುಗುತ್ತದೆಂಬುದು ಗೊತ್ತಿತ್ತು. ನನಗೆ ಒಳಗಿದ್ದವರ ಮತವೇ ಪ್ರಮಾಣ.

ರಸೆಲನ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯದೆ ಮುಂದೆ ಹೋಗಲಾರೆ. ಹದಿಮೂರು ಋತುಗಳಲ್ಲಿ ಹನ್ನೊಂದು ಪ್ರಶಸ್ತಿ ಗೆದ್ದ, ಅವುಗಳಲ್ಲಿ ಕೊನೆಯ ಎರಡನ್ನು ತಾನೇ ಕೋಚ್ ಆಗಿಯೂ ಗೆದ್ದ ಈತನು ಯಾವ ಋತುವಿನಲ್ಲಿಯೂ ಪಂದ್ಯಕ್ಕೆ ಇಪ್ಪತ್ತು ಅಂಕದ ಸರಾಸರಿಯನ್ನು ಮುಟ್ಟಿದವನಲ್ಲ. ಈಗ ಅಂತಿಮ ಸರಣಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಪಾರಿತೋಷಕಕ್ಕೆ ಅವನದೇ ಹೆಸರು. ಇಂದಿನ ಪ್ರೇಕ್ಷಕರು ಬ್ಲಾಕ್ ಎಂದರೆ ಚೆಂಡನ್ನು ಪ್ರೇಕ್ಷಕರ ಮೂರನೆಯ ಸಾಲಿಗೆ ಹೊಡೆದಟ್ಟುವುದೆಂದು ತಿಳಿದಿದ್ದಾರೆ. ಅಂಥ ಹೊಡೆತಕ್ಕೆ ಬೀಳುವ ಕೇಕೆ ಎಷ್ಟೇ ದೊಡ್ಡದಾಗಿರಲಿ, ಚೆಂಡು ಮತ್ತೆ ಎದುರಾಳಿಯ ಕೈಗೇ ಹೋಗುತ್ತದೆಂಬುದನ್ನು ಅವರು ಯೋಚಿಸುವುದಿಲ್ಲ. ರಸೆಲ್ ಎಡಗೈಯವನು. ಬಲಗೈಯಿಂದ ಎಸೆಯುವ ಎದುರಾಳಿಯ ಚೆಂಡಿಗೆ ಅವನ ಎಡಗೈ ನೇರವಾಗಿ ಎದುರಾಗುತ್ತಿತ್ತು. ಅಲ್ಲಿ ಅವನು ಹೊಡೆಯುತ್ತಿರಲಿಲ್ಲ, ಬೆರಳುಗಳಿಂದ ಚೆಂಡಿನ ವೇಗವನ್ನಷ್ಟೇ ಕಳೆದು ಅದನ್ನು ಅಂಕಣದೊಳಗೇ ಉಳಿಸುತ್ತಿದ್ದನು. ನೀರು ಹಾಯಿಸುವ ರೈತನು ಒಂದು ಗುದ್ದಲಿ ಮಣ್ಣಿಟ್ಟು ಕಾಲುವೆಯ ನೀರನ್ನು ತನ್ನ ಪಾತಿಗೆ ತಿರುಗಿಸಿಕೊಳ್ಳುವಂತೆ, ಎದುರಾಳಿಯ ಎಸೆತವನ್ನೇ ತನ್ನವನಿಗೆ ಕೊಟ್ಟ ಪಾಸನ್ನಾಗಿ ಅವನು ತಿರುಗಿಸಿಬಿಡುತ್ತಿದ್ದನು. ಆ ಚೆಂಡು ಜೊತೆಗಾರ ಬಾಬ್ ಕೂಸಿಯ ಕೈಸೇರಿ, ಎದುರಾಳಿಗಳು ಹಿಂದಿರುಗಿ ನಿಲ್ಲುವ ಮೊದಲೇ ಆಚೆಯ ಬುಟ್ಟಿಯಲ್ಲಿ ಇಳಿದಿರುತ್ತಿತ್ತು. ಫಲಕದ ಮೇಲೆ ಆ ಎರಡು ಅಂಕ ಎಸೆದವನ ಹೆಸರಿನಲ್ಲಿ ಬರೆದಿತ್ತು; ಹುಟ್ಟಿದ್ದು ರಸೆಲನ ಬೆರಳ ತುದಿಯಲ್ಲಿ. ಅವನಿದ್ದಾನೆಂಬ ಭಯದಿಂದ ಎದುರಾಳಿಗಳು ಎಸೆಯದೆ ಬಿಟ್ಟ ಚೆಂಡುಗಳೆಷ್ಟೋ! ಅವನ್ನು ಎಣಿಸುವ ಉಪಾಯವನ್ನು ಇಂದಿನ ಗಣಕಯಂತ್ರಗಳೂ ಪೂರ್ತಿಯಾಗಿ ಕಂಡುಕೊಂಡಿಲ್ಲ.

ನನಗೆ ಈ ದೃಷ್ಟಿ ದೊರೆತದ್ದು ವಿದ್ಯಾರ್ಥಿದೆಸೆಯಲ್ಲಿ, ಬೆಂಗಳೂರಿನ ಒಂದು ಬಯಲು ಅಂಕಣದ ಸಿಮೆಂಟು ಮೆಟ್ಟಿಲುಗಳ ಮೇಲೆ. ಸಂಜೆಯ ಹೊತ್ತು ಎರಡು ಕ್ಲಬ್ಬುಗಳ ನಡುವೆ ಪಂದ್ಯ. ಒಂದು ತಂಡದಲ್ಲಿ ಎಲ್ಲರೂ ಕೊಂಡಾಡುತ್ತಿದ್ದ ಶೂಟರ್ ಒಬ್ಬನಿದ್ದನು. ಅವನನ್ನು ಕಾಯಲು ನಿಂತವನು ಅವನ ಭುಜಕ್ಕೆ ಬರುವಷ್ಟೇ ಎತ್ತರದ, ಯಾರೂ ಹೆಸರು ಹಿಡಿದು ಕೂಗದ ಹುಡುಗ. ನನ್ನ ಪಕ್ಕದಲ್ಲಿ ಕುಳಿತಿದ್ದ, ಹಿಂದೆ ತಾವೂ ಆಡಿದ್ದ ಹಿರಿಯರೊಬ್ಬರು ನನ್ನ ಕತ್ತು ಚೆಂಡಿನೊಂದಿಗೆ ಅತ್ತಿತ್ತ ಹೊರಳುವುದನ್ನು ನೋಡಿ, “ಏನಪ್ಪಾ, ಚೆಂಡು ಎಲ್ಲಿಗೂ ಓಡಿಹೋಗೋದಿಲ್ಲ, ಸ್ವಲ್ಪ ಹೊತ್ತು ಆ ಕುಳ್ಳನ ಪಾದ ನೋಡು” ಎಂದರು. ನೋಡಿದೆನು. ಶೂಟರಿಗೆ ಬಲಗಡೆಗೆ ನುಗ್ಗುವುದು ಇಷ್ಟ. ಕುಳ್ಳನು ಅರ್ಧ ಹೆಜ್ಜೆ ಆ ಕಡೆಗೇ ನಿಂತಿದ್ದನು. ಅವನ ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಎರಡು ಪಾದಗಳು ಒಂದನ್ನೊಂದು ಎಂದೂ ಅಡ್ಡ ದಾಟುತ್ತಿರಲಿಲ್ಲ. ಜಾರಿ ಜಾರಿ ಸರಿಯುತ್ತಿದ್ದವು. ಶೂಟರ್ ತಲೆಯಾಡಿಸಿದನು, ಭುಜ ಕೊಡವಿದನು, ಕಣ್ಣಿನಲ್ಲಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೊರಟನು. ಕುಳ್ಳನ ದೃಷ್ಟಿ ಅವನ ನಡುವನ್ನು ಬಿಟ್ಟು ಕದಲಲಿಲ್ಲ, ಏಕೆಂದರೆ ತಲೆಯೂ ಕೈಯೂ ಸುಳ್ಳು ಹೇಳಬಲ್ಲವು, ನಡು ಹೇಳಲಾರದು. ಎಡಕ್ಕೆ ತಿರುಗಿದರೆ ಪಕ್ಕದ ಗೆರೆ. ಆ ಗೆರೆಯನ್ನೇ ತನ್ನ ಜೊತೆಗಾರನನ್ನಾಗಿ ಮಾಡಿಕೊಂಡು ಕುಳ್ಳನು ಅವನನ್ನು ಮೂಲೆಗೆ ಒತ್ತಿದನು. ಪಂದ್ಯ ಮುಗಿಯುವ ವೇಳೆಗೆ ಶೂಟರ್ ಚೆಂಡನ್ನು ಕೇಳುವುದನ್ನೇ ಬಿಟ್ಟಿದ್ದನು. ಆ ಸಂಜೆ ಗೆದ್ದವರಾರೆಂಬುದು ಈಗ ನೆನಪಿಲ್ಲ. ಆ ಪಾದಗಳು ಕಣ್ಣಿಗೆ ಕಟ್ಟಿದಂತಿವೆ.

ಆದಕಾರಣ ಹೊಸಬರಿಗೆ ನನ್ನ ಮೊದಲ ಪಾಠ ಕಣ್ಣನ್ನು ಚೆಂಡಿನಿಂದ ಬಿಡಿಸಿಕೊಳ್ಳುವುದು. ಚೆಂಡಿರುವವನನ್ನು ಕಾಯುವವನ ಪಾದ ನೋಡುವುದು ಅಭ್ಯಾಸವಾದ ಮೇಲೆ, ಚೆಂಡಿಗೆ ದೂರದಲ್ಲಿರುವ ಕಾವಲುಗಾರನನ್ನು ನೋಡತಕ್ಕದ್ದು. ಅವನು ತನ್ನ ಎದುರಾಳಿಯನ್ನು ಅಂಟಿಕೊಂಡು ನಿಂತಿರುವುದಿಲ್ಲ. ಒಂದು ಕೈ ತನ್ನವನ ಕಡೆಗೆ, ಒಂದು ಕೈ ಚೆಂಡಿನ ಕಡೆಗೆ ಚಾಚಿ, ಬುಟ್ಟಿಯ ಹಾದಿಯಲ್ಲಿ ಮೈಯನ್ನಿಟ್ಟು, ಗೆಳೆಯನೊಬ್ಬನು ಸೋತರೆ ಆ ಜಾಗಕ್ಕೆ ಹಾರಲು ಸಿದ್ಧನಾಗಿರುತ್ತಾನೆ. ಇನ್ನು ಕಿವಿಗೂ ಕೆಲಸವುಂಟು. ಒಳ್ಳೆಯ ರಕ್ಷಣೆ ಮೌನವಾಗಿರುವುದಿಲ್ಲ: ಬೆನ್ನ ಹಿಂದೆ ಸ್ಕ್ರೀನ್, ಎಂದರೆ ಎದುರಾಳಿಯೊಬ್ಬನ ಮೈಯ ಅಡ್ಡಗೋಡೆ, ಬರುತ್ತಿದೆಯೆಂದು, ಕಾಯುವವರನ್ನು ಅದಲುಬದಲಿಸಿಕೊಂಡು ಸ್ವಿಚ್ ಮಾಡೆಂದು, ನಾನಿದ್ದೇನೆ ಹೆಲ್ಪ್‌ಗೆಂದು ಐವರೂ ಕೂಗುತ್ತಲೇ ಇರುತ್ತಾರೆ. ಆ ಕೂಗು ನಿಂತ ತಂಡ ಸ್ವಲ್ಪ ಹೊತ್ತಿಗೇ ಬಿರುಕು ಬಿಡುತ್ತದೆ.

ರಕ್ಷಣೆ ಆಟವನ್ನು ಬೇಸರಗೊಳಿಸುತ್ತದೆಂಬ ಆಕ್ಷೇಪಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು, ನೋಡಿದವರಿಗೆ ಜುಗುಪ್ಸೆಯಾಯಿತು. ಆದರೆ ಆ ಬೇಸರವನ್ನು ತಂದವರು ಕಾಯುವವರಲ್ಲ, ಚೆಂಡನ್ನು ಕೈಯಲ್ಲಿಟ್ಟುಕೊಂಡು ಎಸೆಯದೆ ಕಾಲಹರಣ ಮಾಡಿದವರು. ಈ ಕಾಲಹರಣವನ್ನು ತಡೆಯಲು ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಸೋನ್, ಸೊಗಸಾದ ಪಂದ್ಯದಲ್ಲಿ ಇಬ್ಬರೂ ಸೇರಿ ಸುಮಾರು 120 ಎಸೆತ ಎಸೆಯುತ್ತಾರೆಂದು ಅಂದಾಜಿಸಿ, 48 ನಿಮಿಷಗಳ 2880 ಸೆಕೆಂಡುಗಳನ್ನು ಅದರಿಂದ ಭಾಗಿಸಿ, ಅಷ್ಟರೊಳಗೆ ಚೆಂಡನ್ನು ಎಸೆಯಲೇಬೇಕೆನ್ನುವ 24 ಸೆಕೆಂಡುಗಳ ಗಡಿಯಾರವನ್ನು 1954ರಲ್ಲಿ ತರಿಸಿದನು. ಅದು ಅಂಕದ ಅಭಿವೃದ್ಧಿಗಾಗಿ ಬಂದ ನಿಯಮವೆಂದು ಎಲ್ಲರೂ ಹೇಳುತ್ತಾರೆ. ಕಾಯುವವನ ಶ್ರಮಕ್ಕೆ ಒಂದು ಅವಧಿಯನ್ನೂ ಆ ಅವಧಿಯ ಕೊನೆಗೆ ಒಂದು ಫಲವನ್ನೂ ಗೊತ್ತುಮಾಡಿದ್ದು ಅದೇ ಗಡಿಯಾರವೆಂಬುದನ್ನು ಯಾರೂ ಹೇಳುವುದಿಲ್ಲ.

ಹತ್ತಿರದ ಕಾಲದಿಂದ ಒಂದು ಉದಾಹರಣೆ. 2016ರ ಜೂನ್ 19ರಂದು ಕ್ಲೀವ್‌ಲ್ಯಾಂಡ್ ತಂಡಕ್ಕೂ ಗೋಲ್ಡನ್ ಸ್ಟೇಟ್ ತಂಡಕ್ಕೂ ನಡೆದ ಎನ್‌ಬಿಎ ಅಂತಿಮ ಸರಣಿಯ ಏಳನೆಯ ಪಂದ್ಯ 89-89ರಲ್ಲಿ ನಿಂತು, ಜಗತ್ತಿನ ಶ್ರೇಷ್ಠ ಎಸೆತಗಾರರು ಅಂಕಣದಲ್ಲಿದ್ದೂ ಮೂರೂವರೆ ನಿಮಿಷಕ್ಕೂ ಮೀರಿ ಒಂದು ಅಂಕವೂ ಹುಟ್ಟಲಿಲ್ಲ. ಆ ನಡುವೆ ಗೋಲ್ಡನ್ ಸ್ಟೇಟಿನ ಆಂಡ್ರೆ ಇಗ್ವಡಾಲಾನ ಎಸೆತವನ್ನು ಕ್ಲೀವ್‌ಲ್ಯಾಂಡಿನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು ಹಲಗೆಗೆ ಒತ್ತಿ ತಡೆದುದನ್ನು ಎಲ್ಲರೂ ಬಲ್ಲರು. ಅದಕ್ಕೆ ಮುಂಚೆ ಜೇಮ್ಸನ ಜೊತೆಗಾರ ಜೆ.ಆರ್. ಸ್ಮಿತ್ ಅಡ್ಡ ಬಂದುದರಿಂದ ಇಗ್ವಡಾಲಾನು ಗಾಳಿಯಲ್ಲಿಯೇ ಕೈಯನ್ನು ಒಮ್ಮೆ ಹಿಂದೆಳೆದುಕೊಳ್ಳಬೇಕಾಯಿತೆಂಬುದನ್ನೂ, ಆ ಅರೆಕ್ಷಣದಲ್ಲಿಯೇ ಜೇಮ್ಸನಿಗೆ ಅವಕಾಶ ದೊರೆತದ್ದೆಂಬುದನ್ನೂ ಬಲ್ಲವರು ವಿರಳ. ರಸಿಕನೆನಿಸಿಕೊಳ್ಳುವವನು ಸ್ಮಿತ್‌ನನ್ನು ಕಂಡಿರಬೇಕು. ನಮ್ಮ ಬೆಂಗಳೂರಿನಲ್ಲಿಯೇ 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ, ತಮಗಿಂತ ಎತ್ತರದ ಚೀನೀ ಆಟಗಾರ್ತಿಯರನ್ನು ಜಪಾನಿನವರು ಅಂತಿಮ ಪಂದ್ಯದಲ್ಲಿ 71-68ರಿಂದ ಸೋಲಿಸಿದರು. ಎತ್ತರದಲ್ಲಿ ಹಿಂದಿದ್ದವರು ಕಾಲಿನ ಚುರುಕಿನಿಂದ ಗೆಲ್ಲುವುದನ್ನು ಊರಿನಲ್ಲಿಯೇ ಕಾಣುವ ಭಾಗ್ಯ ನಮಗಿತ್ತು.

ಮೂರು ಅಂಕದ ಎಸೆತ, ಫ್ರೀ ಥ್ರೋ, ಝೋನ್ ಇವುಗಳ ವಿಷಯವನ್ನು ಯಾವ ಕೋಚ್ ಬೇಕಾದರೂ ನಿಮಗೆ ಹೇಳಿಯಾನು. ಎಸೆತವೂ ಕಲೆಯಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಒಳ್ಳೆಯ ಎಸೆತಗಾರನಿಗೂ ಕೈ ಕೂಡದ ದಿನಗಳುಂಟು, ಪಾದ ಸರಿಸಬಲ್ಲವನಿಗೆ ಅಂಥ ದಿನ ಅಪರೂಪ.

ಮುಂದಿನ ಸಲ ಶಾಲೆಯ ಅಂಕಣವೋ ಕಂಠೀರವ ಕ್ರೀಡಾಂಗಣವೋ, ಎಲ್ಲಿ ಪಂದ್ಯ ನೋಡಲು ಹೋದರೂ, ಒಂದು ಕ್ವಾರ್ಟರ್ ಪೂರ್ತಿ ಫಲಕದ ಕಡೆಗೆ ತಿರುಗದೆ, ಕಾಯುವವನೊಬ್ಬನನ್ನು ಆರಿಸಿಕೊಂಡು ಅವನನ್ನೇ ನೋಡಿ. ಅವನು ಚೆಂಡನ್ನು ಒಮ್ಮೆಯೂ ಮುಟ್ಟದಿದ್ದರೆ ಚಿಂತೆಯಿಲ್ಲ. ಎದುರಾಳಿಗೆ ಎಸೆಯಲು ಎಡೆಯೇ ಸಿಗದೆ ಇಪ್ಪತ್ತನಾಲ್ಕು ಸೆಕೆಂಡಿನ ಸದ್ದು ಮೊಳಗಿದಾಗ, ಉಳಿದ ಗ್ಯಾಲರಿಯೆಲ್ಲ ಸುಮ್ಮನಿದ್ದರೂ ಸರಿಯೆ, ನೀವು ಎದ್ದು ನಿಂತು ಚಪ್ಪಾಳೆ ತಟ್ಟಿ.