ಸೂತ್ರಕ್ಕೊಂದು ವೃತ್ತಿ: ಲಿನಕ್ಸಿನ ಕೈಪಿಡಿಯನ್ನು ಕುರಿತು

ಶಾಸ್ತ್ರಗ್ರಂಥವೊಂದರ ಗುಣವನ್ನು ಅಳೆಯುವಾಗ ಅದು ಯಾರಿಗಾಗಿ ರಚಿತವಾಯಿತು, ಈಗ ಯಾರ ಕೈಯಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಎರಡಕ್ಕೂ ಉತ್ತರ ಒಂದೇ ಆದರೆ ಗ್ರಂಥಕ್ಕೆ ವ್ಯಾಖ್ಯಾನದ ಹಂಗಿಲ್ಲ. ಬೇರೆಯಾದರೆ ವ್ಯಾಖ್ಯಾನವಿಲ್ಲದೆ ಗತಿಯಿಲ್ಲ. ಲಿನಕ್ಸ್ ವ್ಯವಸ್ಥೆಯೊಡನೆ ಬರುವ ಕೈಪಿಡಿ ಈ ಎರಡನೆಯ ವರ್ಗಕ್ಕೆ ಸೇರಿದುದು. ಹೊಸದಾಗಿ ಲಿನಕ್ಸನ್ನು ಕಲಿಯುವ ವಿದ್ಯಾರ್ಥಿಯು ಸಹಾಯ ಬೇಡಿದಾಗ ‘ಕೈಪಿಡಿಯನ್ನು ಓದು’ ಎಂಬ ಉತ್ತರ ಬರುವುದು ವಾಡಿಕೆ. ಆ ಉತ್ತರಕ್ಕೆ ಒರಟಾದ ಸಂಕ್ಷೇಪರೂಪವೂ ಉಂಟು. ಅದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಕೈಪಿಡಿಯ ರಚನೆಯಿಂದಲೇ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಕೈಪಿಡಿಯ ಶೈಲಿ ಲಿನಕ್ಸಿಗಿಂತ ಇಪ್ಪತ್ತು ವರ್ಷ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯೂನಿಕ್ಸ್ ವ್ಯವಸ್ಥೆಗಾಗಿ ಸಿದ್ಧಪಡಿಸಿದ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ನೆಯ ದಿನಾಂಕವಿದೆ. ಹೆಸರು, ಪ್ರಯೋಗಕ್ರಮ, ವಿವರಣೆ, ಸಂಬಂಧಿಸಿದ ಕಡತಗಳು, ಇದನ್ನೂ ನೋಡಿ, ದೋಷಗಳು ಎಂಬ ಶೀರ್ಷಿಕೆಗಳ ಕಟ್ಟು ಅಲ್ಲಿಯೇ ನೆಲೆಗೊಂಡಿತು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಹಂಚಿದ ಮೇಲೆ, ಅದರ ಸುತ್ತ ಬೆಳೆದ ವ್ಯವಸ್ಥೆಯು ಈ ಶೈಲಿಯನ್ನು ಪಿತ್ರಾರ್ಜಿತವಾಗಿ ಪಡೆಯಿತು. ಮೊದಲ ಓದುಗರು ಪ್ರಯೋಗಾಲಯದ ಸಹೋದ್ಯೋಗಿಗಳು. ಅರ್ಥವಾಗದಿದ್ದರೆ ಗ್ರಂಥಕರ್ತರನ್ನೇ ಹೋಗಿ ಕೇಳುವ ಅನುಕೂಲ ಅವರಿಗಿತ್ತು. ಗ್ರಂಥವು ಜಗತ್ತಿಗೆಲ್ಲ ಹರಡಿತು. ಆ ಅನುಕೂಲ ಹರಡಲಿಲ್ಲ.

ಗ್ರಂಥದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಒಂದು ಆಜ್ಞೆಗೆ ಒಂದು ಪುಟ ಎಂಬ ಅಚ್ಚುಕಟ್ಟು, ಅನಾವಶ್ಯಕವಾದ ಒಂದು ಮಾತೂ ಇಲ್ಲದ ಬಿಗಿ, ಎಲ್ಲೆಡೆಯೂ ಒಂದೇ ಕ್ರಮ—ಇವು ಸಾಮಾನ್ಯ ಗುಣಗಳಲ್ಲ. ಎಲ್ಲಕ್ಕಿಂತ ಹೆಚ್ಚಿನದು ‘ದೋಷಗಳು’ ಎಂಬ ಶೀರ್ಷಿಕೆ. ತನ್ನ ಕೃತಿಯ ಕೊರತೆಯನ್ನು ಕರ್ತೃವೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಬಹುಬಳಕೆಯ ‘ಬ್ಯಾಷ್’ ಎಂಬ ಆಜ್ಞಾವಾಹಕದ ಪುಟವು ಆ ತಂತ್ರಾಂಶ ಅತಿ ದೊಡ್ಡದು, ಅತಿ ನಿಧಾನ ಎಂದು ತಾನೇ ಹೇಳಿಕೊಳ್ಳುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಆದರೆ ಈ ಗ್ರಂಥದ ಬಾಗಿಲು ಹೆಸರು ಬಲ್ಲವನಿಗೆ ಮಾತ್ರ ತೆರೆಯುತ್ತದೆ. ತಟ್ಟೆಯಲ್ಲಿ ಸ್ಥಳ ಮುಗಿದುದರಿಂದ ತನ್ನ ಕಡತವನ್ನು ಉಳಿಸಲಾರದ ವಿದ್ಯಾರ್ಥಿಗೆ ಬೇಕಾದ ಪುಟ ‘ಡಿಎಫ್’ ಎಂಬುದು. ಆ ಎರಡಕ್ಷರವನ್ನು ಬಲ್ಲವನಾಗಿದ್ದರೆ ಅವನು ಸಹಾಯ ಬೇಡುತ್ತಲೇ ಇರಲಿಲ್ಲ. ವಿಷಯದಿಂದ ಹುಡುಕಲು ‘ಆಪ್ರೊಪೊ’ ಎಂಬ ಆಜ್ಞೆಯಿದೆ. ಅದು ಹುಡುಕುವುದು ಪುಟದ ಹೆಸರನ್ನೂ ಅದರ ಒಂದು ಸಾಲಿನ ಪರಿಚಯವನ್ನೂ ಮಾತ್ರ. ಆ ಸಾಲಿನಲ್ಲಿರುವುದು ‘ಸ್ಥಳದ ಬಳಕೆ’ ಎಂಬರ್ಥದ ಇಂಗ್ಲಿಷ್ ಮಾತು. ‘ತುಂಬಿದೆ’ ಎಂಬರ್ಥದ ಮಾತನ್ನು ಹಿಡಿದು ಹೋದವನಿಗೆ ಅದು ಸಿಕ್ಕುವುದಿಲ್ಲ. ಕಾಗುಣಿತ ತಿಳಿಯಲು ನಿಘಂಟು ಬೇಕು, ನಿಘಂಟನ್ನು ನೋಡಲು ಕಾಗುಣಿತ ಬೇಕು ಎಂಬ ಸಂಕಟವೇ ಇದು.

ಇನ್ನೊಂದು ನಿದರ್ಶನ. ವಿದ್ಯಾರ್ಥಿಯೊಬ್ಬ ಆಜ್ಞೆಗಳನ್ನು ಕಡತದಲ್ಲಿ ಬರೆದು ನಡೆಸಹೋದಾಗ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ತಿಳಿದವನೊಬ್ಬ ‘ಸಿಎಚ್‌ಮಾಡ್ 777’ ಎಂದು ಹೇಳಿ ಹೊರಟುಹೋಗುತ್ತಾನೆ. ಕಡತ ನಡೆಯುತ್ತದೆ, ವಿದ್ಯಾರ್ಥಿ ಸಂತೋಷಪಡುತ್ತಾನೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಇವನ್ನು ಕೂಡಿಸಿ ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಒಂದೊಂದು ಅಂಕಿ ಎಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ತನ್ನ ಕಡತವನ್ನು ತಿದ್ದುವ ಅಧಿಕಾರವನ್ನು ಎಲ್ಲರಿಗೂ ಬಿಟ್ಟುಕೊಟ್ಟೆನೆಂಬುದನ್ನು ಅವನು ಅರಿಯ. 755 ಎಂದಿದ್ದರೆ ತಿದ್ದುವ ಅಧಿಕಾರ ಅವನಲ್ಲಿಯೇ ಉಳಿಯುತ್ತಿತ್ತು. ಹೀಗೆ ‘ಕೈಪಿಡಿ ಓದು’ ಎನ್ನುವವನು ಸಹಾಯವನ್ನು ನಿರಾಕರಿಸುತ್ತಾನೆ. ಕಾರಣ ಹೇಳದೆ ಉತ್ತರ ಕೊಡುವವನು ವಿದ್ಯೆಯನ್ನು ನಿರಾಕರಿಸುತ್ತಾನೆ. ಎರಡನೆಯದು ದಯೆಯ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕರ.

ಈ ಸಮಸ್ಯೆ ನಮಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಂದದಲ್ಲಿ ಸೂತ್ರವನ್ನು ಹೇಳಿ, ಗದ್ಯದಲ್ಲಿ ವೃತ್ತಿಯನ್ನು ಬರೆದು, ಅನಂತರ ಪ್ರಯೋಗಗಳನ್ನು ಕೊಡುತ್ತಾನೆ. ಸೂತ್ರ ನೆನಪಿಗೆ, ವೃತ್ತಿ ಅರ್ಥಕ್ಕೆ, ಪ್ರಯೋಗ ನಂಬಿಕೆಗೆ. ಈ ಅಳತೆಗೋಲಿನಿಂದ ನೋಡಿದರೆ ಲಿನಕ್ಸಿನ ಕೈಪಿಡಿ ಶುದ್ಧ ಸೂತ್ರಗ್ರಂಥ. 2013ರಲ್ಲಿ ಆರಂಭವಾದ ‘ಟಿಎಲ್‌ಡಿಆರ್’ ಪುಟಗಳು ಪ್ರತಿ ಆಜ್ಞೆಗೂ ಕೆಲವು ಉದಾಹರಣೆಗಳನ್ನು ಕೊಟ್ಟು ಮುಗಿಸುತ್ತವೆ, ಅವು ಪ್ರಯೋಗಸಂಗ್ರಹ. 1990ರ ದಶಕದಲ್ಲಿ ಲಿನಕ್ಸ್ ದಾಖಲೆ ಯೋಜನೆಯವರು ಬರೆದ ‘ಹೌಟು’ ಎಂಬ ಕಿರುಗ್ರಂಥಗಳು ನಿಜವಾಗಿ ವೃತ್ತಿಗೆ ಸಮೀಪವಾಗಿದ್ದವು. ಆದರೆ ವ್ಯವಸ್ಥೆ ಬದಲಾದಂತೆ ಅವುಗಳಲ್ಲಿ ಹಲವು ಹಳತಾದವು. ಸೂತ್ರ ಉಳಿಯಿತು, ಪ್ರಯೋಗ ಹೆಚ್ಚಿತು, ನಡುವಣ ವೃತ್ತಿ ಸೊರಗಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಸಹಾಯ ಮಾಡುವವರಲ್ಲಿ ಬಹುಮಂದಿ ಪ್ರತಿಫಲವಿಲ್ಲದೆ ದುಡಿಯುವವರು, ತಾನು ಏನನ್ನು ಮಾಡಿದೆ, ಯಂತ್ರ ಏನೆಂದಿತು ಎಂಬುದನ್ನು ಸಹ ಹೇಳದೆ ಕೇಳುವವನ ಮೇಲೆ ಅವರು ಬೇಸರಪಟ್ಟರೆ ತಪ್ಪೇನು? ಎರಿಕ್ ರೇಮಂಡ್ 2001ರಲ್ಲಿ ಪ್ರಕಟಿಸಿದ, ಪ್ರಶ್ನೆ ಕೇಳುವ ಬಗೆಯನ್ನು ಕುರಿತ ಪ್ರಬಂಧದ ನಿಲುವು ಇದಕ್ಕೆ ಹತ್ತಿರವಾದುದು. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಸರಿಯಾದ ಪ್ರಶ್ನೆಯನ್ನು ಕೇಳಬಲ್ಲವನು ಅರ್ಧ ವಿದ್ಯೆಯನ್ನು ಆಗಲೇ ಸಂಪಾದಿಸಿದ್ದಾನೆ. ಆ ಅರ್ಧವನ್ನು ಕಲಿಸುವ ಹೊಣೆ ಬಿಡುವಿನಲ್ಲಿ ನೆರವಾಗುವ ಅಪರಿಚಿತರದಲ್ಲ, ಅದು ಅಧ್ಯಾಪಕರದು.

ಗ್ನೋಮ್, ಕೆಡಿಇ ಮೊದಲಾದ ಪರದೆಗಳ ಮಾತುಗಳು ಸ್ವಯಂಸೇವಕರ ಶ್ರಮದಿಂದ ಕನ್ನಡಕ್ಕೆ ಬಂದಿವೆ. ಅದು ಸ್ತುತ್ಯವಾದ ಕಾರ್ಯ. ಆದರೂ ಸೂತ್ರವನ್ನು ಅನುವಾದಿಸಿದರೆ ಇನ್ನೊಂದು ಸೂತ್ರವಾದೀತೇ ಹೊರತು ವೃತ್ತಿಯಾಗದು. ನಮ್ಮ ಕಾಲೇಜುಗಳಲ್ಲಿ ಬೇಕಾದುದು ಇಪ್ಪತ್ತೋ ಮೂವತ್ತೋ ಆಜ್ಞೆಗಳಿಗೆ ಕನ್ನಡದಲ್ಲಿ ಬರೆದ ವೃತ್ತಿ: ಯಾವ ಸಂಕಟಕ್ಕೆ ಯಾವ ಪುಟ, ಪುಟದ ಯಾವ ಸಾಲಿಗೆ ಯಾವ ಅರ್ಥ, ತಪ್ಪಿದರೆ ಆಗುವ ಹಾನಿ ಏನು ಎಂಬಷ್ಟು. ಅದನ್ನು ಓದಿದ ವಿದ್ಯಾರ್ಥಿಯು ಮೂವತ್ತೊಂದನೆಯ ಆಜ್ಞೆಗೆ ಮೂಲ ಕೈಪಿಡಿಯನ್ನೇ ತಾನಾಗಿ ತೆರೆಯಬಲ್ಲನಾದರೆ ವೃತ್ತಿಕಾರನ ಕೆಲಸ ಮುಗಿದಂತೆ. ಆಗ ‘ಕೈಪಿಡಿಯನ್ನು ಓದು’ ಎಂಬ ಮಾತು ತಿರಸ್ಕಾರವಾಗದೆ ಉಪದೇಶವಾಗುತ್ತದೆ.