ಸೂರತ್ತಿಗೆ ಸಿಕ್ಕ ಜಾಗ

ವಿಶ್ವೇಶ್ವರಯ್ಯನವರ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಪುಸ್ತಕವನ್ನು ನಾನು ಮೊದಲ ಸಲ ಓದಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಸೆಪ್ಟೆಂಬರ್ 15ರ ಭಾಷಣ ಸ್ಪರ್ಧೆಗಾಗಿ. ಓದಿದ್ದೆ ಎನ್ನುವುದಕ್ಕಿಂತ ಭಾಷಣಕ್ಕೆ ಬೇಕಾದ್ದನ್ನು ಹೆಕ್ಕಿಕೊಂಡಿದ್ದೆ ಎನ್ನುವುದೇ ಸರಿ. ಎರಡನೇ ಸಲ ಓದಿದ್ದು ಕಳೆದ ಮಳೆಗಾಲದಲ್ಲಿ, ವಡೋದರದಿಂದ ಸೂರತ್ತಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಆರು ತಿಂಗಳ ಪ್ರಾಜೆಕ್ಟು, ವಾರಕ್ಕೆ ಮೂರು ದಿನ ಓಡಾಟ. ವಿಶ್ವೇಶ್ವರಯ್ಯನವರು 1896ರಲ್ಲಿ ಸೂರತ್ತಿನಲ್ಲಿ ಎಕ್ಸಿಕ್ಯುಟಿವ್ ಇಂಜಿನಿಯರ್ ಆಗಿದ್ದರು ಎಂಬುದು ಎಲ್ಲೋ ನೆನಪಿತ್ತು. ಕನ್ನಡದವರೊಬ್ಬರು ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಈ ಊರಿನಲ್ಲಿ ಹೇಗಿದ್ದರು ಎಂದು ತಿಳಿಯುವ ಆಸೆಯಿಂದ ಪುಟ ತಿರುವಿದೆ.

ಸಿಕ್ಕಿದ್ದು ಹೆಚ್ಚೇನಿಲ್ಲ. ಊರು, ಹುದ್ದೆ, ಮುಂದಿನ ವರ್ಗಾವಣೆ. ಮರುವರ್ಷ ಅವರು ಪುಣೆಯಲ್ಲಿದ್ದಾರೆ. ಅಂಕಲೇಶ್ವರ ದಾಟುವಷ್ಟರಲ್ಲಿ ನನ್ನ ಹುಡುಕಾಟ ಮುಗಿದಿತ್ತು.

ನನಗೆ ನಿರಾಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆಗ ಅವರಿಗೆ ಮೂವತ್ತೈದರ ಆಸುಪಾಸು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ಮುಂಬಯಿಗೆ ರೈಲಿನಲ್ಲಿ ಅಂಟಿಕೊಂಡ ಊರು ಸೂರತ್. ಹಳೆಯ ಬಂದರು, ತಾಪಿಯ ದಂಡೆಯ ಕೋಟೆ, ಹಿಂದಿನ ವೈಭವದ ಕಥೆ ಹೇಳುತ್ತಾ ಬದುಕುವ ವ್ಯಾಪಾರಿಗಳು. ಮುದ್ದೇನಹಳ್ಳಿಯಿಂದ ಬಂದ ಈ ಇಂಜಿನಿಯರು ಅಲ್ಲಿ ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರು? ಸಾರಿಗೂ ಬೆಲ್ಲ ಹಾಕುವ ಊರಿನಲ್ಲಿ ಊಟಕ್ಕೆ ಏನು ಮಾಡಿಕೊಂಡರು? (ನಗಬೇಡಿ. ಇಲ್ಲಿಗೆ ಬಂದ ಮೊದಲ ವರ್ಷ ನಾವೆಲ್ಲ ಕೇಳಿಕೊಂಡ ಪ್ರಶ್ನೆ ಇದೇ ತಾನೇ?) ಇದಕ್ಕೆಲ್ಲ ಪುಸ್ತಕದಲ್ಲಿ ಉತ್ತರವಿಲ್ಲ.

ಲೇಖಕರು ಶೀರ್ಷಿಕೆಯಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಇದು ಬದುಕಿನ ನೆನಪಲ್ಲ, ಕೆಲಸದ ಬದುಕಿನ ನೆನಪು. 1951ರಲ್ಲಿ, ತೊಂಬತ್ತರ ಅಂಚಿನಲ್ಲಿ ನಿಂತು ಪ್ರಕಟಿಸಿದ ಪುಸ್ತಕದಲ್ಲಿ ಮನೆಯೊಳಗಿನ ಮಾತು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಇಲ್ಲದ್ದನ್ನು ಪಟ್ಟಿ ಮಾಡಿ ದೂರುವುದು ಸುಲಭ. ಅದರ ಮೊದಲು ಇರುವುದನ್ನು ನೋಡಬೇಕು.

ಸುಕ್ಕೂರಿನ ಭಾಗವನ್ನೇ ತೆಗೆದುಕೊಳ್ಳಿ. ಸೂರತ್ತಿಗಿಂತ ಮುಂಚೆ ಅವರು ಸಿಂಧ್ ಪ್ರಾಂತ್ಯದ ಆ ಊರಿಗೆ ಕುಡಿಯುವ ನೀರು ತರುವ ಕೆಲಸ ಮಾಡಿದರು. ಸಿಂಧೂ ನದಿಯ ನೀರು ಕೆಸರು, ಶೋಧಿಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿಲ್ಲ. ಆಗ ಅವರು ದಡದ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೋಡಿಸುತ್ತಾರೆ. ಮರಳಿನ ಮೂಲಕ ಇಳಿದು ಬಂದ ನೀರು ತಾನಾಗಿ ತಿಳಿಯಾಗುತ್ತದೆ, ಅದನ್ನು ಸುರಂಗದಲ್ಲಿ ತಂದು ಪಂಪ್ ಮಾಡುತ್ತಾರೆ. ಇದನ್ನು ಹೇಳುವಾಗ ಆ ಒಣ ಗದ್ಯಕ್ಕೆ ಜೀವ ಬರುತ್ತದೆ. ‘ನನಗೆ ಖುಷಿಯಾಯಿತು’ ಎಂದು ಅವರು ಹೇಳಬೇಕಾಗಿಯೇ ಇಲ್ಲ. ಕಡಿಮೆ ದುಡ್ಡಿನಲ್ಲಿ ಸರಿಯಾದ ದಾರಿ ಹೊಳೆದಾಗ ಆಗುವ ಸಂತೋಷ ನಮ್ಮ ಕಸುಬಿನವರಿಗೆ ಗೊತ್ತು.

ಅದನ್ನು ಓದಿದ ಸಂಜೆ ನಲ್ಲಿ ತಿರುಗಿಸಿದಾಗ ಒಂದು ಕ್ಷಣ ನಿಂತೆ. ವಡೋದರಕ್ಕೆ ಅಜ್ವಾ ಕೆರೆಯ ನೀರು ಬರುತ್ತದೆ, ಜೊತೆಗೆ ಮಹೀ ನದಿಯ ಪಾತ್ರದಲ್ಲಿ ತೋಡಿದ ‘ಫ್ರೆಂಚ್ ವೆಲ್’ಗಳ ನೀರೂ ಬರುತ್ತದೆ. ಅಹಮದಾಬಾದಿನಲ್ಲೂ 1891ರಲ್ಲಿ ದೂಧೇಶ್ವರದ ಬಳಿ ಸಾಬರಮತಿಯ ಮರಳಿನ ಬಾವಿಗಳಿಂದಲೇ ನಲ್ಲಿ ನೀರು ಶುರುವಾದದ್ದು. ತತ್ವ ಒಂದೇ: ನದಿಯ ಮರಳೇ ಜರಡಿ. ಹದಿನಾಲ್ಕು ವರ್ಷ ಕುಡಿದ ನೀರಿನ ದಾರಿ ನನಗೆ ತಿಳಿದದ್ದು ಸುಕ್ಕೂರಿನ ಕಥೆಯಿಂದ. ಈ ಪುಸ್ತಕಕ್ಕೆ ನಾನು ಋಣಿ, ಮುಂದೆ ಆಡುವ ದೂರನ್ನು ಈ ಋಣದ ಜೊತೆಗೇ ಓದಿಕೊಳ್ಳಿ.

ದೂರು ಶುರುವಾಗುವುದು ಹೈದರಾಬಾದಿನಲ್ಲಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೆರೆಯನ್ನು ತಡೆಯಿರಿ ಎಂಬುದು ಅವರ ಸಲಹೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದದ್ದು ಹಾಗೆ. ಪುಸ್ತಕದಲ್ಲಿ ನೆರೆ ಎಂದರೆ ಮಳೆಯ ಅಳತೆ, ಜಲಾನಯನ, ಒಡೆದ ಕೆರೆಗಳು, ಆಮೇಲೆ ಪರಿಹಾರ. ಓದುಗನಿಗೆ ನೆಮ್ಮದಿಯಾಗುತ್ತದೆ. ಸಮಸ್ಯೆ ಇತ್ತು, ಬಗೆಹರಿಯಿತು.

ನಾನು ಆ ಅಧ್ಯಾಯ ಓದುತ್ತಿದ್ದ ದಿನಗಳಲ್ಲಿ ಸೂರತ್ತಿನಲ್ಲಿ ಕೆಲಸ ಮಾಡುತ್ತಿದ್ದ ಕಟ್ಟಡದ ನೆಲಮಹಡಿಯ ಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಬಣ್ಣದಲ್ಲಿ ಎಳೆದ ಗೆರೆಯೊಂದಿತ್ತು. 2006ರ ಆಗಸ್ಟಿನ ನೀರಿನ ಗುರುತು. ತಾಪಿಗೆ ಉಕಾಯಿ ಅಣೆಕಟ್ಟು 1972ರಲ್ಲೇ ಬಂದಿತ್ತು. ನೆರೆ ತಡೆಯುವುದೂ ಅದರ ಉದ್ದೇಶಗಳಲ್ಲಿ ಒಂದು. ಮೂವತ್ತನಾಲ್ಕು ವರ್ಷದ ನಂತರ ಅದೇ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯುಸೆಕ್ ನೀರು ಬಿಡಬೇಕಾಗಿ ಬಂದು ಊರಿನ ಬಹುಪಾಲು ಮುಳುಗಿತು. ಇದರಿಂದ ವಿಶ್ವೇಶ್ವರಯ್ಯನವರ ಸಲಹೆ ತಪ್ಪೆಂದು ನಾನು ಹೇಳುತ್ತಿಲ್ಲ. ಅಣೆಕಟ್ಟಿನ ಮೇಲಿನ ನಂಬಿಕೆಯಿಂದ ಊರು ನದಿಯ ಬಯಲಿಗೆ ಇಳಿಯುತ್ತದೆ, ಇಳಿದ ಮೇಲೆ ಅಪಾಯದ ಲೆಕ್ಕವೇ ಬದಲಾಗುತ್ತದೆ. ಬೆಳೆಯುವ ಊರಿನಲ್ಲಿ ಪರಿಹಾರವೂ ಒಂದು ಘಟನೆ. ಅದಕ್ಕೂ ಮುಂದಿನ ಕಥೆ ಇರುತ್ತದೆ. ಅಧಿಕಾರಿಯ ನೆನಪು ಮಾತ್ರ ಉದ್ಘಾಟನೆಯ ದಿನಕ್ಕೆ ನಿಲ್ಲುತ್ತದೆ, ಯಾಕೆಂದರೆ ಅಷ್ಟರಲ್ಲಿ ವರ್ಗಾವಣೆ ಬಂದಿರುತ್ತದೆ.

ಇದನ್ನು ಇಷ್ಟು ಖಾತ್ರಿಯಾಗಿ ಹೇಳಲು ಕಾರಣ ನಮ್ಮ ಸೊಸೈಟಿಯ ಸಾಹೇಬ್ ಕಾಕಾ. ಗುಜರಾತ್ ಆಡಳಿತ ಸೇವೆಯಿಂದ ನಿವೃತ್ತರಾದ ಎಂಬತ್ತು ದಾಟಿದ ಹಿರಿಯರು. ಗೇಟಿನ ಪಕ್ಕದ ಬಾಂಕ್ಡೊ ಮೇಲೆ, ಎಂದರೆ ಸಿಮೆಂಟು ಬೆಂಚಿನ ಮೇಲೆ, ಬೆಳಗ್ಗೆ ಏಳಕ್ಕೆ ಹಾಜರು. ಚಹಾವನ್ನು ರಕಾಬಿಗೆ ಸುರಿದು ಸೊರ್ ಎಂದು ಎಳೆದುಕೊಳ್ಳುತ್ತಾ ಕಥೆ ಹೇಳುತ್ತಾರೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಅವರು ಸೂರತ್ತಿನಲ್ಲಿದ್ದರು. ಸತ್ತವರ ಲೆಕ್ಕ ಐವತ್ತರ ಆಸುಪಾಸು, ಊರು ಬಿಟ್ಟವರು ಮಾತ್ರ ಲಕ್ಷಗಟ್ಟಲೆ. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ಪವರ್‌ಲೂಮ್‌ಗಳಲ್ಲಿ ದುಡಿಯುವ ಒಡಿಶಾದ ಹುಡುಗರು, ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುವವರು, ರಾತ್ರೋರಾತ್ರಿ ಸ್ಟೇಷನ್ನಿಗೆ ಓಡಿದರು. ಅವರಲ್ಲೊಬ್ಬ ಪ್ಲಾಟ್‌ಫಾರಂ ಮೇಲೆ ಇವರ ಕೈಗೆ ಕೋಣೆಯ ಕೀಲಿ ತುರುಕಿ, “ಸಾಹೇಬ್, ಒಳಗೆ ಪೆಟ್ಟಿಗೆ ಇದೆ, ನೋಡಿಕೊಳ್ಳಿ” ಎಂದನಂತೆ. ಯಾವ ಗಲ್ಲಿ, ಯಾವ ಕೋಣೆ ಎಂದು ಕೇಳುವಷ್ಟರಲ್ಲಿ ರೈಲು ಹೊರಟಿತ್ತು. ಕೀಲಿ ಇನ್ನೂ ಅವರ ಬಳಿ ಇದೆ. ನನಗೆ ತೋರಿಸಿದ್ದಾರೆ.

ಮೊಮ್ಮಗಳ ಒತ್ತಾಯಕ್ಕೆ ಕಾಕಾ ನೆನಪುಗಳನ್ನು ಬರೆದರು. ಅದನ್ನು ಕಂಪ್ಯೂಟರಿಗೆ ಹಾಕಿಸುವ ಉಸ್ತುವಾರಿ ನನಗೆ ಬಂತು. ನೂರು ಚಿಲ್ಲರೆ ಪುಟ, ಇಂಗ್ಲಿಷಿನಲ್ಲಿ, ಚೊಕ್ಕ ಕೈಬರಹ. ಸೂರತ್ ಪ್ಲೇಗಿಗೆ ಮೂರು ಪುಟ. ಕಸ ಎತ್ತಿದ ವಿವರ, ಔಷಧಿ ಹಂಚಿಕೆ. ಮರುವರ್ಷ ಕಮಿಷನರ್ ಆಗಿ ಬಂದ ಎಸ್.ಆರ್. ರಾವ್ ಅಧಿಕಾರಿಗಳನ್ನೆಲ್ಲ ಎ.ಸಿ. ಕೋಣೆಯಿಂದ ಬೀದಿಗಿಳಿಸಿದ ‘ಎ.ಸಿ.ಯಿಂದ ಡಿ.ಸಿ.’ ದಿನಗಳು, ಡಿ.ಸಿ. ಅಂದರೆ ಡೈಲಿ ಚೋರ್ಸ್, ದಿನನಿತ್ಯದ ಚಾಕರಿ. ಎಲ್ಲ ಸರಿಯಾಗಿದೆ. ಸ್ಟೇಷನ್ನಿನ ರಾತ್ರಿಗೆ ಒಂದೇ ವಾಕ್ಯ: ವಲಸೆ ಕಾರ್ಮಿಕರ ನಿರ್ಗಮನಕ್ಕೆ ಅಗತ್ಯ ವ್ಯವಸ್ಥೆ ಮಾಡಲಾಯಿತು. ಮಾಡಲಾಯಿತು! ಯಾರು ಮಾಡಿದರು ಕಾಕಾ? ಕೀಲಿ ಎಲ್ಲಿ ಹೋಯಿತು?

ಕೇಳಿಯೇಬಿಟ್ಟೆ. ಅವರು ರಕಾಬಿ ಕೆಳಗಿಟ್ಟು ಹೇಳಿದರು: “ನೋಡು ಭಾಯ್, ಆ ಹುಡುಗ ವಾಪಸು ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಪೆಟ್ಟಿಗೆ ಇತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸಹಿ ಹಾಕಿ ಬರೆಯೋದು ಹೇಗೆ?”

ಆ ಉತ್ತರದಿಂದ ವಿಶ್ವೇಶ್ವರಯ್ಯನವರ ಪುಸ್ತಕ ನನಗೆ ಬೇರೆ ಥರ ಕಾಣತೊಡಗಿತು. ಅದುವರೆಗೆ ಅಧಿಕಾರಿಗಳ ನೆನಪಿನಲ್ಲಿ ಜನ ಇರುವುದಿಲ್ಲವೆಂದರೆ ಅವರಿಗೆ ಜನ ಕಾಣುವುದಿಲ್ಲ ಎಂದುಕೊಂಡಿದ್ದೆ. ಕಾಣುತ್ತಾರೆ. ಆದರೆ ಕಡತಕ್ಕೆ ಸೇರಿಸಲಾಗದ್ದನ್ನು ಬರೆಯುವುದು ಅವರಿಗೆ ಸುಳ್ಳು ಬರೆದಷ್ಟೇ ಸಂಕೋಚ. ಇದು ಒಂದು ಬಗೆಯ ಪ್ರಾಮಾಣಿಕತೆ. ತಾನು ಅಳೆದದ್ದು, ಕಟ್ಟಿಸಿದ್ದು, ತನ್ನ ಸಹಿ ಇರುವುದು, ಅಷ್ಟನ್ನೇ ಹೇಳುವುದು. ತೊಂದರೆಯೆಂದರೆ, ಊರು ಎನ್ನುವುದರ ಬಹುಭಾಗ ಇರುವುದು ಆ ‘ಗೊತ್ತಿಲ್ಲ’ದಲ್ಲೇ.

ಹಾಗಾದರೆ ನಮ್ಮ ನವರತ್ನ ರಾಮರಾಯರು? ಅವರೂ ಮೈಸೂರು ಸರ್ಕಾರದ ಅಧಿಕಾರಿಯೇ. ‘ಕೆಲವು ನೆನಪುಗಳು’ ಓದಿದವರಿಗೆ ಅಲ್ಲಿನ ಜನ ಮರೆಯುವುದಿಲ್ಲ. ಹಳ್ಳಿಯವರು, ಕಚೇರಿಯವರು ಅವರವರ ಮಾತಿನಲ್ಲೇ ಮಾತಾಡುತ್ತಾರೆ. ಅಧಿಕಾರಿ ಪೆಚ್ಚಾಗುವುದಕ್ಕೂ ಅಲ್ಲಿ ಜಾಗವಿದೆ. ಇದು ಬರೀ ಸ್ವಭಾವದ, ಇಲ್ಲವೇ ಕನ್ನಡದಲ್ಲಿ ಬರೆದದ್ದರ ವ್ಯತ್ಯಾಸ ಎಂದು ಮೊದಲು ಅಂದುಕೊಂಡೆ. ಅದೂ ಇದೆ. ಆದರೆ ರಾಮರಾಯರು ತಾಲ್ಲೂಕಿನ ಅಮಲ್ದಾರರು. ಕುದುರೆ ಹತ್ತಿ ಊರೂರು ಸುತ್ತಿದರೆ ಜನರ ಹೆಸರು ತಿಳಿಯುತ್ತಿತ್ತು, ಆರು ತಿಂಗಳ ಮೇಲೆ ಅದೇ ಮನುಷ್ಯ ಮತ್ತೆ ಎದುರಾಗುತ್ತಿದ್ದ, ಕಥೆಯ ಮುಂದಿನ ಭಾಗ ತಾನಾಗಿ ಬಂದು ಸೇರುತ್ತಿತ್ತು. 2011ರ ಜನಗಣತಿಯಲ್ಲಿ 44 ಲಕ್ಷ ದಾಟಿದ ಸೂರತ್ತಿನ ಅಧಿಕಾರಿಗೆ ವಾರ್ಡು, ವಲಯ, ಪಂಪಿಂಗ್ ಸ್ಟೇಷನ್ ಗೊತ್ತಿರುತ್ತದೆ. ಕೀಲಿ ಕೊಟ್ಟವನು ಮತ್ತೆ ಸಿಗುವುದಿಲ್ಲ. ಊರು ಬೆಳೆದಂತೆ ಅಧಿಕಾರಿಯ ನೆನಪಿನಿಂದ ಮೊದಲು ಜಾರುವುದು ಹೆಸರುಗಳು.

ಬೆಂಗಳೂರಿನ ನೆನಪಾದಾಗಲೆಲ್ಲ ನಮ್ಮಲ್ಲಿ ಕೆಲವರು ತೆಗೆದು ನೋಡುವ ಟಿ.ಪಿ. ಇಸ್ಸಾರ್ ಅವರ ‘ದಿ ಸಿಟಿ ಬ್ಯೂಟಿಫುಲ್’ (1988) ಕೂಡ ಐಎಎಸ್ ಅಧಿಕಾರಿಯೊಬ್ಬರ ಪುಸ್ತಕವೇ. ಬಂಗಲೆ, ಕಮಾನು, ಉದ್ಯಾನಗಳ ಮೇಲೆ ಅಷ್ಟು ಪ್ರೀತಿಯಿಟ್ಟ ಪುಸ್ತಕ ಕಡಿಮೆ. ಆ ಪುಸ್ತಕವಿಲ್ಲದಿದ್ದರೆ ಎಷ್ಟೋ ಮನೆಗಳು ಇದ್ದವೆಂದೇ ನಮಗೆ ತಿಳಿಯುತ್ತಿರಲಿಲ್ಲ. ಆದರೂ ಅದನ್ನು ಮುಚ್ಚಿಟ್ಟಾಗ ನನಗೆ ಯಾವುದೋ ಭಾನುವಾರದ ಮಧ್ಯಾಹ್ನ, ಎಲ್ಲರೂ ಮಲಗಿರುವಾಗ ಊರು ಸುತ್ತಿ ಬಂದ ಹಾಗಾಗುತ್ತದೆ.

ವಿಶ್ವೇಶ್ವರಯ್ಯನವರನ್ನು ಮನುಷ್ಯರಾಗಿ ಕಾಣಬೇಕೆಂದರೆ ಅವರ ಪುಸ್ತಕ ಸಾಲದು, ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಗೆ ಹೋಗಬೇಕು. ಇದನ್ನು ನಾನು ವಿಶ್ವೇಶ್ವರಯ್ಯನವರ ಸೋಲೆಂದು ಮೊದಲು ಟಿಪ್ಪಣಿ ಮಾಡಿಕೊಂಡಿದ್ದೆ. ಈಗ ಆ ಟಿಪ್ಪಣಿಯನ್ನು ಹೊಡೆದುಹಾಕಿದ್ದೇನೆ. ಕೆಲಸದವನ ನೆನಪಿಗೆ ಪಕ್ಕದಲ್ಲಿ ಕೂತು ಕೇಳುವ ಇನ್ನೊಬ್ಬ ಬೇಕು. ಅವರಿಗೆ ಡಿವಿಜಿ ಇದ್ದರು. ಸೂರತ್ತಿನ ಆ ಕೆಲವು ತಿಂಗಳಿಗೆ ಹಾಗೆ ಯಾರೂ ಇರಲಿಲ್ಲ, ಅಷ್ಟೇ.

ನನಗಾದರೂ ಯಾರಿದ್ದಾರೆ? ಕಳೆದ ತಿಂಗಳು ಪ್ರಾಜೆಕ್ಟು ಮುಗಿದಾಗ ಕ್ಲೋಷರ್ ರಿಪೋರ್ಟ್ ಬರೆದೆ. ಹನ್ನೊಂದು ಪುಟ. ಆರು ತಿಂಗಳು ನನಗೆ ಸ್ಟೇಷನ್ನಿನಿಂದ ಆಫೀಸಿಗೆ ದಾರಿಯುದ್ದಕ್ಕೂ ‘ಇಲ್ಲಿವರೆಗೆ ನೀರು, ಇಲ್ಲಿವರೆಗೆ ನೀರು’ ಎಂದು ತೋರಿಸುತ್ತಿದ್ದ ಆಟೋದವರು ಅದರಲ್ಲಿ ‘ಸ್ಥಳೀಯ ಸಾರಿಗೆ ವೆಚ್ಚ’ ಆಗಿದ್ದಾರೆ. ಬರೆದು ಕಳಿಸಿದ ಮೇಲೆ ಗಮನಿಸಿದ್ದು.

ಕಾಕಾ ಹಸ್ತಪ್ರತಿಯ ಬಗ್ಗೆ ನಮ್ಮ ವಾದ ಎರಡು ವಾರ ನಡೆಯಿತು. ಕೀಲಿಯ ಪ್ರಸಂಗವನ್ನು ಅಧ್ಯಾಯದೊಳಗೆ ಸೇರಿಸಲು ಅವರು ಕೊನೆಗೂ ಒಪ್ಪಲಿಲ್ಲ, ನಾನು ಬಿಡಲಿಲ್ಲ. ಹೋದ ಭಾನುವಾರ ಕರೆದು ಒಂದು ಹಾಳೆ ಕೊಟ್ಟರು. ಪುಸ್ತಕದ ಕೊನೆಗೆ, ಸುತ್ತೋಲೆಗಳ ನಕಲು, ವಾರ್ಡಿನ ನಕ್ಷೆಗಳ ನಂತರ ಬರಬೇಕಂತೆ. ಮೇಲೆ ‘ಅನುಬಂಧ 7’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಕೆಳಗೆ ಇಷ್ಟೇ: ಹಿತ್ತಾಳೆಯ ಕೀಲಿ, ಒಂದು. ಸೂರತ್ ರೈಲು ನಿಲ್ದಾಣ, ಸೆಪ್ಟೆಂಬರ್ 1994. ವಾರಸುದಾರರು ಪತ್ತೆಯಾಗಿಲ್ಲ.